ಒಂದು ತಂಬಿಗೆ ನೀರಿಗೆ ಎಷ್ಟು ಸ್ವಿಚ್ಚು?

ಯಲಹಂಕದಿಂದ ರಾಜಾನುಕುಂಟೆ ದಾಟಿ ದೊಡ್ಡಬಳ್ಳಾಪುರದ ಕಡೆಗೆ ಹೊರಟರೆ ರಸ್ತೆಯ ಎರಡೂ ಬದಿಗೆ ಈಗ ಬಡಾವಣೆಯ ಕಲ್ಲು, ಕಾಂಪೌಂಡು, ಕಲ್ಯಾಣ ಮಂಟಪ. ನಡುನಡುವೆ ಉಳಿದುಕೊಂಡ ದ್ರಾಕ್ಷಿ ಚಪ್ಪರ, ಸೊಪ್ಪಿನ ಮಡಿ, ಹೂವಿನ ತಾಕು. ಅಂಥ ಯಾವುದಾದರೂ ತೋಟಕ್ಕೆ ಹೋದಾಗ ಬೆಳೆ ನೋಡುವ ಮೊದಲು ಪಂಪ್‌ಶೆಡ್ಡಿನ ಒಳಗೆ ಒಮ್ಮೆ ಇಣುಕಿ. ಗೋಡೆಯ ಮೇಲೆ ಏನೇನಿದೆ ಎಂದು ಎಣಿಸಿ. ಮೇನ್ ಸ್ವಿಚ್ಚು, ಮೂರು ಫ್ಯೂಸು, ಸ್ಟಾರ್ಟರು, ಒಂದು ಫೇಸ್ ಹೋದರೆ ಮೋಟಾರು ನಿಲ್ಲಿಸುವ ಪ್ರಿವೆಂಟರು, ವೋಲ್ಟ್ ಮೀಟರು, ಆಂಪಿಯರ್ ಮೀಟರು, ಕೆಪಾಸಿಟರು, ಆಟೋ ಸ್ಟಾರ್ಟರು, ಅದರ ಮೇಲೆ ಸಿಮ್ ಕಾರ್ಡು ಹಾಕಿದ ಮೊಬೈಲ್ ಸ್ಟಾರ್ಟರು. ಹೊರಗೆ ಬಂದರೆ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ. ಹೊಂಡದ ದಡದಲ್ಲಿ ಇನ್ನೊಂದು ಮೋಟಾರು. ಅದರಾಚೆ ಫಿಲ್ಟರು, ವೆಂಚುರಿ, ಗೇಟ್‌ವಾಲುಗಳು, ಆಮೇಲೆ ಡ್ರಿಪ್ಪಿನ ಪೈಪು.

ಇಷ್ಟೆಲ್ಲ ದಾಟಿ ಬಂದ ನೀರು ಗಿಡದ ಬುಡದಲ್ಲಿ ತೊಟ್ಟು ತೊಟ್ಟಾಗಿ ಬೀಳುತ್ತದೆ.

ಇದರಲ್ಲಿ ಯಾವುದನ್ನೂ ಯಾರೂ ಹುಚ್ಚಿಗೆ ತಂದು ಇಟ್ಟಿದ್ದಲ್ಲ. ಒಂದೊಂದಕ್ಕೂ ಒಂದೊಂದು ಕಾರಣ ಇದೆ, ಕೇಳಿದರೆ ಹೇಳುತ್ತಾರೆ. ಪ್ರಿವೆಂಟರ್ ಇಲ್ಲದೆ ಮೋಟಾರು ಸುಟ್ಟಿತ್ತು, ಹಾಗಾಗಿ ಪ್ರಿವೆಂಟರು. ರಾತ್ರಿ ಎದ್ದು ಬರಲಾಗದೆ ಆಟೋ. ಬೋರಿನಲ್ಲಿ ನೀರು ಬಿಟ್ಟು ಬಿಟ್ಟು ಬರುತ್ತದೆ, ಹಾಗಾಗಿ ಹೊಂಡ. ಹೊಂಡದಲ್ಲಿ ಪಾಚಿ ಕಟ್ಟುತ್ತದೆ, ಹಾಗಾಗಿ ಫಿಲ್ಟರು. ಬಿಡಿ ಬಿಡಿಯಾಗಿ ನೋಡಿದರೆ ಎಲ್ಲ ಸರಿ. ಒಟ್ಟು ಕೂಡಿಸಿ ನೋಡಿದರೆ ಮಾತ್ರ, ಒಂದೆಕರೆ ತೋಟಕ್ಕೆ ನೀರು ಹಾಯಿಸುವ ಕೆಲಸ ಒಂದು ಸಣ್ಣ ಕಾರ್ಖಾನೆ ನಡೆಸುವ ಕೆಲಸವಾಗಿ ಬಿಟ್ಟಿದೆ. ಈ ಕಾರ್ಖಾನೆಗೆ ಮಾಲೀಕ, ಫಿಟ್ಟರ್, ವಾಚ್‌ಮನ್, ಗುಮಾಸ್ತ ಎಲ್ಲ ಒಬ್ಬನೇ. ಅವನ ಹೆಂಡತಿಯನ್ನೂ ಸೇರಿಸಿದರೆ ಇಬ್ಬರು.

ಕಪಿಲೆಯಿಂದ ಸಾವಿರ ಅಡಿಗೆ

ನಮ್ಮ ಕಡೆ ಅರವತ್ತು ದಾಟಿದವರಿಗೆ ಕಪಿಲೆ ಬಾವಿಯ ನೆನಪಿದೆ. ಎರಡೆತ್ತು, ಒಂದು ಚರ್ಮದ ಬಾನಿ, ಹಗ್ಗ, ಗಾಲಿ, ಇಳಿಜಾರಿನ ದಾರಿ. ಎತ್ತು ಮುಂದಕ್ಕೆ ಇಳಿದರೆ ಬಾನಿ ಮೇಲಕ್ಕೆ ಬರುತ್ತಿತ್ತು. ಬಾನಿ ಹರಿದರೆ ಹೊಲಿಯುವವರು ಊರಲ್ಲೇ ಇದ್ದರು, ಗಾಲಿ ಮುರಿದರೆ ಆಚಾರಿ ಊರಲ್ಲೇ. ನೀರು ಇಪ್ಪತ್ತು ಮೂವತ್ತು ಅಡಿಯಲ್ಲಿ ಸಿಗುತ್ತಿತ್ತು.

ಅದೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಕೋಳಿ ಕೂಗುವ ಹೊತ್ತಿಗೆ ಎತ್ತು ಕಟ್ಟಿ, ಬಿಸಿಲೇರುವವರೆಗೆ ಹಿಂದಕ್ಕೂ ಮುಂದಕ್ಕೂ ನಡೆದವರ ಕಾಲು ಹೇಗಿತ್ತು ಎಂದು ಅವರನ್ನೇ ಕೇಳಬೇಕು. ಕರೆಂಟಿನ ಪಂಪು ಬಂದಾಗ ಜನ ಅದಕ್ಕೆ ಪೂಜೆ ಮಾಡಿದರು, ಮಾಡಬೇಕಾದ್ದೇ. ಬಾವಿಯ ಮೇಲೆ 5 ಎಚ್‌ಪಿ ಮೋಟಾರು, ಒಂದು ಸ್ವಿಚ್ಚು. ಎತ್ತಿಗೂ ಮನುಷ್ಯನಿಗೂ ಬಿಡುಗಡೆ. ನೀರಾವರಿಯ ಇತಿಹಾಸದಲ್ಲಿ ನಮಗೆ ಅತ್ಯಂತ ಸುಲಭದ ಕಾಲ ಯಾವುದು ಎಂದರೆ ಆ ಹತ್ತಿಪ್ಪತ್ತು ವರ್ಷ.

ಆಮೇಲೆ ನೀರು ಒಂದಾಳು ಇಳಿಯಿತು. ಬಾವಿಯೊಳಗೆ ಅಟ್ಟಣೆ ಕಟ್ಟಿ ಮೋಟಾರನ್ನು ಕೆಳಗಿಳಿಸಿದರು. ಇನ್ನೂ ಇಳಿಯಿತು. ಬಾವಿಯ ತಳದಲ್ಲೇ ಬೋರು ಹಾಕಿದರು. ಅದೂ ಸಾಲದೆ ಬಾವಿ ಬಿಟ್ಟು ಬೇರೆ ಜಾಗದಲ್ಲಿ ಕೊಳವೆಬಾವಿ ಕೊರೆಸಿದರು, ನೀರೊಳಗೇ ಕೂರುವ ಸಬ್‌ಮರ್ಸಿಬಲ್ ಮೋಟಾರು ಇಳಿಸಿದರು. ಇನ್ನೂರು ಅಡಿ ನಾನೂರಾಯಿತು, ನಾನೂರು ಎಂಟುನೂರಾಯಿತು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದಲ್ಲಿ ಸಾವಿರ ಅಡಿ ದಾಟಿದ ಬೋರು ಈಗ ಸುದ್ದಿಯೇ ಅಲ್ಲ. ಹಳೆ ಬಾವಿಗೆ ಈಗ ಕಸ ಸುರಿಯುತ್ತಾರೆ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ, ಪೆನ್ನು ಪೇಪರು ಸಾಕು. ಸಾವಿರ ಲೀಟರ್ ನೀರನ್ನು 30 ಅಡಿಯಿಂದ ಮೇಲೆತ್ತಲು ಬೇಕಾಗುವ ಶಕ್ತಿ ಶುದ್ಧ ಲೆಕ್ಕದಲ್ಲಿ ಒಂದು ಯೂನಿಟ್ಟಿನ ನಲವತ್ತನೇ ಒಂದು ಭಾಗ. ಅದೇ ನೀರನ್ನು 1000 ಅಡಿಯಿಂದ ಎತ್ತಲು ಒಂದು ಯೂನಿಟ್ಟಿನ ಆರನೇ ಐದು ಭಾಗ. ಮೋಟಾರು, ಪಂಪು, ಪೈಪಿನ ಸವಕಳಿ ಸೇರಿದರೆ ಎರಡೂ ಕಡೆ ಇದರ ದುಪ್ಪಟ್ಟಿಗಿಂತ ಜಾಸ್ತಿಯೇ ಆಗುತ್ತದೆ. ಅಂದರೆ ಅಜ್ಜ ಒಂದು ಬಾನಿ ಎತ್ತಿದ ಶಕ್ತಿಯ ಮೂವತ್ತಮೂರು ಪಟ್ಟು ಸುರಿದು ಮೊಮ್ಮಗ ಅಷ್ಟೇ ನೀರು ಎತ್ತುತ್ತಿದ್ದಾನೆ. 2008ರಿಂದ ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪಿಗೆ ವಿದ್ಯುತ್ ಉಚಿತ. ಬಿಲ್ಲು ಮನೆಗೆ ಬರುವುದಿಲ್ಲವಾದ್ದರಿಂದ ಈ ಮೂವತ್ತಮೂರು ಪಟ್ಟು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅದು ಬೇರೆ ದಾರಿಯಲ್ಲಿ ಬರುತ್ತದೆ: ನಿದ್ದೆಗೆಟ್ಟ ರಾತ್ರಿಯಾಗಿ, ಸುಟ್ಟ ಮೋಟಾರಾಗಿ, ಟಿಸಿ ಹೋಗಿ ವಾರ ಕಾಯುವುದಾಗಿ.

ಆಟೋ ಎಂಬ ಸಣ್ಣ ಡಬ್ಬಿ

ಒಂದು ಸಣ್ಣ ಅಭ್ಯಾಸ ಎಲ್ಲರ ಕೆಲಸವನ್ನೂ ಹೇಗೆ ಗೋಜಲು ಮಾಡುತ್ತದೆ ಎಂಬುದಕ್ಕೆ ಆಟೋ ಸ್ಟಾರ್ಟರಿಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ನಿಂತು ನೋಡೋಣ.

ಪಂಪಿಗೆ ತ್ರಿಫೇಸ್ ಕರೆಂಟು ದಿನವಿಡೀ ಇರುವುದಿಲ್ಲ. ಏಳು ಗಂಟೆ ಎನ್ನುತ್ತಾರೆ, ಅದೂ ಪಾಳಿಯ ಮೇಲೆ, ಹಗಲು ಸ್ವಲ್ಪ ರಾತ್ರಿ ಸ್ವಲ್ಪ. ನಡುವೆ ಹೋಗುತ್ತದೆ, ಬರುತ್ತದೆ. ರಾತ್ರಿ ಎರಡು ಗಂಟೆಗೆ ಬಂದರೆ ಬ್ಯಾಟರಿ ಹಿಡಿದು ತೋಟಕ್ಕೆ ಹೋಗಬೇಕು. ಹಾವು, ಚೇಳು, ಒದ್ದೆ ಕೈಯಲ್ಲಿ ಸ್ವಿಚ್ಚು. ಹೀಗೆ ಹೋಗಿ ತಿರುಗಿ ಬಾರದವರ ಸುದ್ದಿ ಪ್ರತಿ ಹೋಬಳಿಯಲ್ಲೂ ಇದೆ. “ಕರೆಂಟ್ ಬಂದ್ರೆ ನಿದ್ದೆ ಓಯ್ತು, ಓದ್ರೆ ನೀರು ಓಯ್ತು” ಅನ್ನೋದು ನಮ್ಮ ಕಡೆ ಕಟ್ಟೆ ಮಾತು. ಹಾಗಿರುವಾಗ ಕರೆಂಟು ಬಂದ ಕೂಡಲೇ ತಾನೇ ಮೋಟಾರು ಚಾಲೂ ಮಾಡುವ ಡಬ್ಬಿ ಅಂಗಡಿಯಲ್ಲಿ ಸಿಕ್ಕರೆ ಯಾರು ಬೇಡ ಎನ್ನುತ್ತಾರೆ? ಒಬ್ಬರು ಹಾಕಿದರು. ಪಕ್ಕದವರು ನೋಡಿ ಹಾಕಿದರು. ಹಾಕದವನಿಗೆ ನೀರು ತಪ್ಪುತ್ತದೆ ಎಂಬ ಭಯಕ್ಕೆ ಉಳಿದವರೂ ಹಾಕಿದರು.

ಈಗ ಟಿಸಿಯ ಕಡೆಯಿಂದ ನೋಡಿ. ಮೋಟಾರು ತಿರುಗಲು ಶುರು ಮಾಡುವ ಆ ಕ್ಷಣದಲ್ಲಿ ಎಳೆಯುವ ಕರೆಂಟು, ಓಡುತ್ತಿರುವಾಗ ಎಳೆಯುವುದರ ಐದರಿಂದ ಏಳು ಪಟ್ಟು. ಮೊದಲು ಜನ ಒಬ್ಬೊಬ್ಬರಾಗಿ ಬಂದು ಸ್ವಿಚ್ಚು ಹಾಕುತ್ತಿದ್ದರು. ಒಬ್ಬ ಬೀಡಿ ಸೇದಿ ಬರುತ್ತಿದ್ದ, ಒಬ್ಬ ಹಸು ಕಟ್ಟಿ ಬರುತ್ತಿದ್ದ. ಆ ಸೋಮಾರಿತನವೇ ಟಿಸಿಯನ್ನು ಕಾಯುತ್ತಿತ್ತು. ಈಗ ಕರೆಂಟು ಬಂದ ಒಂದೇ ಉಸಿರಿಗೆ ಅಷ್ಟೂ ಮೋಟಾರು ಒಟ್ಟಿಗೆ ಏಳುತ್ತವೆ. ವೋಲ್ಟೇಜು ಕುಸಿಯುತ್ತದೆ. ಕುಸಿದರೆ ಮೋಟಾರು ಇನ್ನೂ ಹೆಚ್ಚು ಕರೆಂಟು ಎಳೆಯುತ್ತದೆ, ವೈಂಡಿಂಗು ಕಾಯುತ್ತದೆ. ಫ್ಯೂಸು ಹೋಗುತ್ತದೆ. ಪದೇ ಪದೇ ಹೋದರೆ ಯಾರೋ ದಪ್ಪ ತಂತಿ ಸುತ್ತುತ್ತಾರೆ. ಅಲ್ಲಿಗೆ ಮುಂದಿನ ಸಲ ಹೋಗುವುದು ಫ್ಯೂಸಲ್ಲ, ಟಿಸಿಯೇ.

ಜೊತೆಗೆ ಮೋಟಾರೂ ದೊಡ್ಡದಾಗಿದೆ. ನಮ್ಮ ಹಳ್ಳಿಗಳಲ್ಲಿರುವ 63 ಕೆವಿಎ ಟಿಸಿ, 5 ಎಚ್‌ಪಿ ಮೋಟಾರಾದರೆ ಸುಮಾರು ಹತ್ತನ್ನು ಎಳೆಯುತ್ತದೆ. ಬೋರು ಆಳವಾದಂತೆ ಎಲ್ಲರೂ ಹತ್ತು ಎಚ್‌ಪಿ ಇಳಿಸಿದರೆ ಅದೇ ಟಿಸಿಗೆ ಐದೇ ಸಾಕು. ಫಲಕದ ಮೇಲೆ ಹತ್ತು ಎಂದು ಬರೆದು ಒಳಗೆ ಅದಕ್ಕಿಂತ ದೊಡ್ಡದಿರುವುದೂ ಉಂಟು, ಎಲ್ಲರಿಗೂ ಗೊತ್ತಿರುವ ಗುಟ್ಟು ಅದು. ವೋಲ್ಟೇಜು ಸಾಲದ್ದಕ್ಕೆ ಇನ್ನೂ ದೊಡ್ಡ ಮೋಟಾರು, ದೊಡ್ಡ ಮೋಟಾರಿನಿಂದ ಇನ್ನೂ ಕಡಿಮೆ ವೋಲ್ಟೇಜು. ತ್ರಿಫೇಸ್ ಇಲ್ಲದ ಹೊತ್ತಲ್ಲಿ ಕಂಡೆನ್ಸರ್ ಹಾಕಿ ಎರಡು ಫೇಸಿನಲ್ಲೇ ಮೋಟಾರು ಓಡಿಸುವ ಚಾಲಾಕಿತನ ಬೇರೆ. ಅದು ಮೋಟಾರಿಗೂ ಕೇಡು, ಲೈನಿಗೂ ಕೇಡು.

ಟಿಸಿ ಸುಟ್ಟ ಮೇಲೆ ಏನಾಗುತ್ತದೆಂದು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಿಲ್ಲ. ಅರ್ಜಿ, ಓಡಾಟ, ಟ್ರ್ಯಾಕ್ಟರಿನಲ್ಲಿ ಟಿಸಿ ಸಾಗಿಸಲು ಚಂದಾ. ಅಷ್ಟರಲ್ಲಿ ಹೂಕೋಸು ಬಾಡಿರುತ್ತದೆ. ರಾತ್ರಿ ನಿದ್ದೆ ಉಳಿಸಲು ಬಂದ ಡಬ್ಬಿ ಹಗಲಿನ ಕೆಲಸವನ್ನೂ ತಿಂದಿತು. ತಮಾಷೆಯೆಂದರೆ ನಿದ್ದೆಯೂ ಉಳಿಯಲಿಲ್ಲ. ಆಟೋ ಹಾಕಿದವರೂ ರಾತ್ರಿ ಎದ್ದು ಕೂರುತ್ತಾರೆ, ಮೋಟಾರು ಎತ್ತಿಕೊಂಡಿತೋ ಇಲ್ಲವೋ ಎಂದು ಕಿವಿಗೊಟ್ಟು. ಮೊಬೈಲ್ ಸ್ಟಾರ್ಟರು ಇದ್ದವರ ತಲೆದಿಂಬಿನ ಕೆಳಗೆ ಫೋನು ಗುರ್ ಎನ್ನುತ್ತಿರುತ್ತದೆ.

ನೀರು ಹತ್ತಿದ ದಾರಿ, ಇಳಿದ ದಾರಿ

ಹಂತದ ಮೇಲೆ ಹಂತ ಪೇರಿಸುವುದು ರೈತರ ಅಭ್ಯಾಸ ಮಾತ್ರ ಎಂದುಕೊಂಡರೆ ತಪ್ಪು. ಸರ್ಕಾರದ ಲೆಕ್ಕ ನೋಡಿ, ನಮ್ಮದು ಏನೇನೂ ಅಲ್ಲ ಅನಿಸುತ್ತದೆ.

ಅರ್ಕಾವತಿ ಹುಟ್ಟುವುದು ನಂದಿಬೆಟ್ಟದಲ್ಲಿ. ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ದಾಟಿ, ಕನಕಪುರದಾಚೆ ಸಂಗಮದಲ್ಲಿ ಕಾವೇರಿ ಸೇರುತ್ತದೆ. 1890ರ ದಶಕದಲ್ಲಿ ಬೆಂಗಳೂರಿಗೆ ಕೊಳಾಯಿ ನೀರು ಬಂದದ್ದೇ ಹೆಸರಘಟ್ಟದ ಕೆರೆಯಿಂದ. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸೇರಿತು. ನಂದಿಯ ಮಳೆ, ನಂದಿಯ ಹಳ್ಳ, ಇಳಿಜಾರಿನಲ್ಲಿ ಹರಿದು ಬಂದ ನೀರು. ಕೆರೆಗೆ ನೀರು ತರುವ ಹಳ್ಳ, ರಾಜಕಾಲುವೆಗಳು ಮುಚ್ಚಿದವು, ನೀಲಗಿರಿ ತೋಪು ಬಂತು, ಬಡಾವಣೆ ಬಂತು. ನದಿ ಹರಿಯುವುದು ನಿಂತಿತು.

1974ರಲ್ಲಿ ಕಾವೇರಿ ಮೊದಲ ಹಂತ. 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಉದ್ಘಾಟನೆಯಾಯಿತು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಸುಮಾರು ಅರ್ಧ ಕಿಲೋಮೀಟರು ಎತ್ತರಕ್ಕೆ ಹಂತ ಹಂತವಾಗಿ ಪಂಪು ಮಾಡಿ ನೀರು ತರುತ್ತಾರೆ. ಆ ನೀರಲ್ಲಿ ಆರ್.ಟಿ. ನಗರದವರು ಸ್ನಾನ ಮಾಡಿ ಚರಂಡಿಗೆ ಬಿಡುತ್ತಾರೆ. ಅದು ಹೆಬ್ಬಾಳದ ಕಣಿವೆಗೆ ಇಳಿಯುತ್ತದೆ. ಅಲ್ಲಿ ಶುದ್ಧೀಕರಣ ಘಟಕ. ಅಲ್ಲಿಂದ ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ, ಎಚ್.ಎನ್. ವ್ಯಾಲಿ ಎಂದು ನಾವು ಕರೆಯುವ ಪೈಪಿನಲ್ಲಿ, ಮತ್ತೆ ಪಂಪು ಮಾಡಿ ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ. ಬೆಂಗಳೂರು ನಗರ, ಗ್ರಾಮಾಂತರ, ಚಿಕ್ಕಬಳ್ಳಾಪುರ ಸೇರಿ 65 ಕೆರೆ ತುಂಬಿಸುವುದು ಅದರ ಗುರಿ. ಆ ಕೆರೆಯಿಂದ ನೇರ ಹೊಲಕ್ಕೆ ಹಾಯಿಸುವಂತಿಲ್ಲ, ಇಂಗಿಸಲು ಮಾತ್ರ. ಇಂಗಿದ್ದನ್ನು ರೈತ ಬೋರಿನಿಂದ ಮೇಲೆತ್ತಿ, ಹೊಂಡಕ್ಕೆ ಹಾಕಿ, ಹೊಂಡದಿಂದ ಇನ್ನೊಂದು ಮೋಟಾರಿನಲ್ಲಿ ಎತ್ತಿ ಗಿಡಕ್ಕೆ ಬಿಡುತ್ತಾನೆ.

ನಂದಿಯಿಂದ ಕಾವೇರಿಗೆ ತಾನಾಗಿ ಇಳಿಯುತ್ತಿದ್ದ ನೀರು ಈಗ ಕಾವೇರಿಯಿಂದ ನಂದಿಯ ಬುಡಕ್ಕೆ ಹತ್ತಿ ಬರುತ್ತಿದೆ, ನಡುವೆ ಇಡೀ ಬೆಂಗಳೂರಿನ ಬಚ್ಚಲು ದಾಟಿ. ನೀರು ಬಂದದ್ದರಿಂದ ಬತ್ತಿದ ಬೋರುಗಳಲ್ಲಿ ಜೀವ ಬಂದಿದೆ ಎನ್ನುವ ರೈತರಿದ್ದಾರೆ, ಅವರ ಮಾತು ಸುಳ್ಳಲ್ಲ. ಎರಡನೇ ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಎಂದು ಹೋರಾಡುತ್ತಿರುವವರ ಮಾತೂ ಸುಳ್ಳಲ್ಲ. ಅಲ್ಲಿಗೆ ಇನ್ನೊಂದು ಹಂತ. ಜಕ್ಕೂರು ಕೆರೆಯಲ್ಲಿ ಶುದ್ಧೀಕರಿಸಿದ ನೀರನ್ನು ಆಪು, ಜೊಂಡು ಬೆಳೆದ ಜೌಗಿನ ಮೂಲಕ ನಿಧಾನ ಹಾಯಿಸಿ ಕೆರೆಗೆ ಬಿಡುತ್ತಾರೆ. ಜೊಂಡಿಗೆ ಸ್ವಿಚ್ಚು ಬೇಡ. ಇಂಥದ್ದು ಹಳ್ಳಿ ಕೆರೆಯ ಬಾಯಲ್ಲೂ ಆಗಬಹುದಲ್ಲ ಎಂದು ನನಗೆ ಅನಿಸಿದೆ.

ಒಂದು ಡ್ರಮ್ಮಿನಲ್ಲಿ ಆರು ಬಾಟಲಿ

ನೀರಿನ ಕತೆ ಉದ್ದವಾಯಿತು. ಔಷಧಿಯದ್ದು ಸಣ್ಣದರಲ್ಲಿ ಹೇಳುತ್ತೇನೆ, ಆದರೆ ಅದೂ ಇದೇ ಜಾತಿಯದು.

ಬೆಂಗಳೂರು ನೀಲಿ ದ್ರಾಕ್ಷಿ ನಮ್ಮ ಸೀಮೆಯ ಹೆಮ್ಮೆ, ಜಿ.ಐ. ಮಾನ್ಯತೆಯೂ ಇದೆ. ಗಟ್ಟಿ ತಳಿ. ಆದರೂ ಮೋಡ ಮುಸುಕಿದರೆ ಬೂಜು ರೋಗ ಬರುತ್ತದೆ, ಅದಕ್ಕೆ ಬೋರ್ಡೋ ದ್ರಾವಣ. ಕರಾವಳಿ, ಮಲೆನಾಡಿನ ಅಡಿಕೆ ಬೆಳೆಗಾರರಿಗೂ ಇದು ಹಳೆ ಸ್ನೇಹಿತ. 1885ರ ಹೊತ್ತಿಗೆ ಫ್ರಾನ್ಸಿನಲ್ಲಿ ದ್ರಾಕ್ಷಿಗೇ ಹುಟ್ಟಿದ ಮದ್ದು. 1908ರಲ್ಲಿ ಮೈಸೂರಿಗೆ ಬಂದ ಲೆಸ್ಲಿ ಕೋಲ್ಮನ್ ಸಾಹೇಬರು ಅದನ್ನು ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. ನೂರು ಲೀಟರ್ ನೀರು, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಒಟ್ಟು ಮಾಡಿ, ಕಬ್ಬಿಣದ ಚಾಕು ಅದ್ದಿ ತಾಮ್ರದ ಬಣ್ಣ ಹಿಡಿಯಲಿಲ್ಲವೆಂದು ನೋಡಿ ಹೊಡೆಯುವುದು. ಮುಗಿಯಿತು.

ಮುಗಿಯುವುದಿಲ್ಲ ಈಗ. “ಹೆಂಗೂ ಹೊಡೀತೀರಲ್ಲ, ಜೊತೆಗೆ ಇದೊಂದು ಹಾಕ್ಬಿಡಿ” ಎಂದು ಅಂಗಡಿಯಲ್ಲಿ ಒಂದು ಬಾಟಲಿ. ಅಂಟಿಗೆ ಒಂದು, ಹುಳಕ್ಕೆ ಒಂದು, ಚಿಗುರಿಗೆ ಟಾನಿಕ್ಕು, ಬಣ್ಣಕ್ಕೆ ಇನ್ನೊಂದು, ಲಘು ಪೋಷಕಾಂಶ ಅಂತ ಮತ್ತೊಂದು. ಒಂದೇ ಡ್ರಮ್ಮಿಗೆ ಆರು ಬಾಟಲಿ. ಕೂಲಿ ಉಳಿಯಿತು ಎಂಬ ಸಮಾಧಾನ.

ಬೋರ್ಡೋ ಸುಣ್ಣದ್ದು, ಕ್ಷಾರ. ಮೆಲಾಥಿಯಾನ್‌ನಂಥ ಬಹಳಷ್ಟು ರಂಜಕದ ಕೀಟನಾಶಕಗಳು ಕ್ಷಾರದಲ್ಲಿ ಒಡೆದು ಕೆಲಸಕ್ಕೆ ಬಾರದಾಗುತ್ತವೆ. ದುಡ್ಡು ಕೊಟ್ಟು ತಂದ ಮದ್ದು ಡ್ರಮ್ಮಿನಲ್ಲೇ ಸತ್ತಿರುತ್ತದೆ. ಹುಳ ಸಾಯಲಿಲ್ಲ ಎಂದು ಮುಂದಿನ ವಾರ ಮತ್ತೊಂದು ಬಾಟಲಿ. ಎಲೆ ಸುಟ್ಟರೆ, ಆರರಲ್ಲಿ ಯಾವುದರಿಂದ ಸುಟ್ಟಿತೆಂದು ಹೇಳುವವರು ಯಾರು? ಬೆಳೆ ಚೆನ್ನಾಗಿ ಬಂದರೂ ಅದೇ ಕಷ್ಟ. ಯಾವುದರಿಂದ ಬಂತೆಂದು ಗೊತ್ತಾಗದೆ ಆರನ್ನೂ ಮುಂದುವರಿಸಬೇಕು. ಸೇರಿಸುವುದು ಸುಲಭ, ತೆಗೆಯಲು ಧೈರ್ಯ ಬರುವುದಿಲ್ಲ. ಈ ಹೆದರಿಕೆಯ ಮೇಲೆಯೇ ಬಾಟಲಿ ಅಂಗಡಿ ನಡೆಯುತ್ತದೆ ಎಂದರೆ ಅಂಗಡಿಯವರು ಬೇಸರ ಮಾಡಿಕೊಳ್ಳಬಾರದು.

ಇದಕ್ಕೆ ಒಂದು ಸರಳ ಪರೀಕ್ಷೆ ಇದೆ. ಚಪ್ಪರದ ಎರಡು ಸಾಲಿಗೆ ಬಣ್ಣದ ಬಟ್ಟೆ ಕಟ್ಟಿ, ಆ ಸಾಲಿಗೆ ಟಾನಿಕ್ಕು ಮಾತ್ರ ಬಿಟ್ಟು ಉಳಿದದ್ದು ಹೊಡೆಯಿರಿ. ಕೊಯ್ಲಿನಲ್ಲಿ ಆ ಸಾಲಿನ ಹಣ್ಣು ಬೇರೆ ತೂಗಿ. ವ್ಯತ್ಯಾಸ ಕಾಣದಿದ್ದರೆ ಮುಂದಿನ ಚಾಟನಿಗೆ ಆ ಬಾಟಲಿ ರಜೆ. ಒಂದು ಸಲಕ್ಕೆ ಒಂದೇ ಬಾಟಲಿ ತೆಗೆಯಬೇಕು, ಎರಡು ತೆಗೆದರೆ ಮತ್ತೆ ಅದೇ ಗೊಂದಲ.

ಹೆಂಗಸರ ಲೆಕ್ಕ ಬೇರೆ

ಹಾಲಿನ ಡೈರಿ ನಮ್ಮ ಕಡೆ ಎಷ್ಟು ಮನೆ ಉಳಿಸಿದೆ ಎಂಬುದು ನನಗೆ ಗೊತ್ತು. ವಾರದ ಬಟವಾಡೆ ಇಲ್ಲದಿದ್ದರೆ ಮಕ್ಕಳ ಫೀಸು ಕಟ್ಟಲಾಗುತ್ತಿರಲಿಲ್ಲ. ಆದರೆ ಒಂದು ಸೀಮೆ ಹಸುವಿನ ಹಿಂದೆ ಬಂದ ಕೆಲಸಗಳನ್ನು ಎಣಿಸಿದವರು ಕಡಿಮೆ. ನಾಟಿ ಹಸು ಗೋಮಾಳದಲ್ಲಿ ಮೇಯುತ್ತಿತ್ತು. ಗೋಮಾಳ ಹೋಯಿತು, ಹುಲ್ಲು ಕೊಯ್ದು ತರಬೇಕು, ಕತ್ತರಿಸಬೇಕು. ಹಿಂಡಿ, ಬೂಸಾ, ಖನಿಜ ಮಿಶ್ರಣ. ನೆಲಕ್ಕೆ ಮ್ಯಾಟು, ಮ್ಯಾಟು ತೊಳೆಯುವುದು. ಹಿಂಡುವ ಮಿಷನ್ನು, ಮಿಷನ್ನು ತೊಳೆಯುವುದು. ಬೆಳಗ್ಗೆ ಸಂಜೆ ಡೈರಿಯ ಗಂಟೆಗೆ ಸರಿಯಾಗಿ ಕ್ಯಾನು ಒಯ್ಯುವುದು. ಇದರಲ್ಲಿ ಮುಕ್ಕಾಲು ಪಾಲು ಹೆಂಗಸರ ಮೇಲೆ. ತಂಗಿಯ ಮಗಳ ಮದುವೆಗೆ ಹೋದರೂ ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆಗೆ ಓಡಿ ಬರಬೇಕು. ಸೊಂಟ ನೋವು ಎಂದರೆ ಅದಕ್ಕೊಂದು ಮುಲಾಮು ತರುತ್ತೇವೆ, ಕೆಲಸದಲ್ಲಿ ಒಂದನ್ನೂ ಇಳಿಸುವುದಿಲ್ಲ. ಹೊಸ ಹಸು ತರುವ ಮೊದಲು ಮನೆಯ ಹೆಂಗಸರ ಹತ್ತಿರ ಕೂತು ಕೇಳುವ ಪದ್ಧತಿ ಇನ್ನೂ ಎಷ್ಟು ಮನೆಯಲ್ಲಿ ಬಂದಿದೆ?

ಕಾಗದದ ಮಾತು ಒಂದೇ ಸಾಲಿನಲ್ಲಿ: ಪಹಣಿ, ಆಧಾರ್ ಜೋಡಣೆ, ಎಫ್.ಐ.ಡಿ., ಇ-ಕೆವೈಸಿ, ಬೆಳೆ ಸಮೀಕ್ಷೆಯ ಫೋಟೋ; ಹೆಬ್ಬೆಟ್ಟು ಸವೆದ ಮುದುಕರಿಗೆ ಮಿಷನ್ನು ಗುರುತು ಹಿಡಿಯುವುದಿಲ್ಲ.

ಕಡಿಮೆ ಮಾಡಿದ್ದೆಲ್ಲ ಒಳ್ಳೆಯದಲ್ಲ

ಹಾಗಾದರೆ ಹಂತ ಕಡಿಮೆ ಮಾಡಿದರೆ ಸುಖವೋ? ಅಷ್ಟು ಸುಲಭವಿಲ್ಲ. ಕೆಲಸ ಕಡಿಮೆ ಇರುವುದೇ ಮಾನದಂಡವಾದರೆ ನೀಲಗಿರಿಯಷ್ಟು ಉತ್ತಮ ಬೆಳೆ ಇನ್ನೊಂದಿಲ್ಲ. ನೆಟ್ಟು ಬಿಡುವುದು, ವರ್ಷಗಳ ಮೇಲೆ ಕಡಿದು ಮಾರುವುದು, ಬುಡ ಮತ್ತೆ ಚಿಗುರುತ್ತದೆ. ಆಳಿಲ್ಲ, ಗೊಬ್ಬರವಿಲ್ಲ, ನೀರಿಲ್ಲ. ರಾಗಿ ಹೊಲಗಳು ಹಾಗೆಯೇ ತೋಪಾದವು. ನೀರಿಲ್ಲ ಎಂದದ್ದು ನಾವು ಹಾಯಿಸುವ ನೀರಿಲ್ಲ ಎಂದಷ್ಟೇ. ಬೇರು ತನ್ನ ಪಾಲು ಎಳೆಯಿತು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಇನ್ನೊಂದು ಕಡೆ, ನಮ್ಮ ರಾಗಿ ಹೊಲದ ಅಕ್ಕಡಿ ಸಾಲು. ಕೂರಿಗೆಯಲ್ಲಿ ರಾಗಿ ಬಿತ್ತುವಾಗ ಹಿಂದೆ ಸಡ್ಡೆ ಕಟ್ಟಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಬಿಡುವುದು. ಇದೂ ಒಂದು ಹೆಚ್ಚಿನ ಹಂತವೇ. ಸಡ್ಡೆ ಹಿಡಿಯಲು ಒಬ್ಬ ಆಳು ಜಾಸ್ತಿ ಬೇಕು. ಆದರೆ ಆ ಒಂದು ದಿನದ ಕೆಲಸ ವರ್ಷವಿಡೀ ಮನೆಯ ಬೇಳೆ, ಎಣ್ಣೆ, ದನದ ಮೇವಿನ ಚಿಂತೆ ಕಳೆಯುತ್ತಿತ್ತು. ರಾಗಿ ಕೈಕೊಟ್ಟ ವರ್ಷ ಅವರೆ ಕೈಹಿಡಿಯುತ್ತಿತ್ತು. ಟ್ರ್ಯಾಕ್ಟರಿನಲ್ಲಿ ಚೆಲ್ಲಿ ಬಿತ್ತುವುದು ಬಂದ ಮೇಲೆ ಸಡ್ಡೆ ಅಟ್ಟ ಸೇರಿತು. ಈಗ ಅವರೆಕಾಯಿಯನ್ನು ಯಶವಂತಪುರದ ಪೇಟೆಯಿಂದ ಬಂದ ಗಾಡಿಯಲ್ಲಿ ಕೊಳ್ಳುವ ರೈತರಿದ್ದಾರೆ.

ಹಾಗಾಗಿ ನಾನು ನೋಡುವುದು ಇಷ್ಟು: ಹೊಸದಾಗಿ ಸೇರಿಸುವ ಹಂತ ಬೇರೆ ಎರಡನ್ನು ಇಳಿಸುತ್ತದೋ, ಇಲ್ಲ ಬೇರೆ ಎರಡನ್ನು ಕರೆದು ತರುತ್ತದೋ. ಅಕ್ಕಡಿ ಇಳಿಸುವ ಜಾತಿ. ಆಟೋ ಸ್ಟಾರ್ಟರು ಕರೆದು ತರುವ ಜಾತಿ. ಗಿಡದ ಬುಡಕ್ಕೆ ತರಗು, ರಾಗಿ ಹುಲ್ಲು ಮುಚ್ಚುವುದು ಇಳಿಸುವ ಜಾತಿ. ಒಂದು ಸಲ ಹೊದಿಸಿದರೆ ನೀರು ಹಾಯಿಸುವ ಸರದಿಯೂ ಕಳೆಯೂ ಎರಡೂ ಕಡಿಮೆ. 2014ರಲ್ಲಿ ಬಂದ ಕೃಷಿಭಾಗ್ಯದ ಹೊಂಡ ಎರಡೂ ಆಗಬಹುದು. ಮಳೆ ನೀರು ಹಿಡಿದರೆ ಅದು ಇಳಿಸುತ್ತದೆ. ಬೋರಿನ ನೀರು ಸುರಿದು ಬಿಸಿಲಿಗೆ ಆರಲು ಬಿಟ್ಟರೆ ಒಂದೇ ನೀರನ್ನು ಎರಡು ಸಲ ಎತ್ತುವ ಶಿಕ್ಷೆ.

ಟಿಸಿಗೆ ಒಬ್ಬ ನೀರುಗಂಟಿ

ಆಟೋ ಸ್ಟಾರ್ಟರನ್ನು ಕಿತ್ತು ಬಿಸಾಡಿ ಎಂದು ರಾತ್ರಿ ಎರಡು ಗಂಟೆಗೆ ಎದ್ದು ಹೋಗಬೇಕಾದವನಿಗೆ ಹೇಳುವ ಬಾಯಿ ನನಗಿಲ್ಲ. 2019ರ ಪಿಎಂ ಕುಸುಮ್ ಯೋಜನೆಯಲ್ಲಿ ಪಂಪಿನ ಫೀಡರುಗಳಿಗೇ ಸೋಲಾರ್ ಜೋಡಿಸಿ ಹಗಲಲ್ಲೇ ತ್ರಿಫೇಸ್ ಕೊಡುವ ದಾರಿ ಇದೆ. ಅದು ಎಲ್ಲ ಫೀಡರಿಗೂ ಬರುವವರೆಗೆ ಕಾಯಬೇಕು. ಅಲ್ಲಿಯವರೆಗೆ ನಮ್ಮ ಕೈಲೇ ಆಗುವ ಎರಡು ಮೂರು ಕೆಲಸ ಇವೆ.

ಒಂದು, ಟೈಮರು. ಆಟೋ ಸ್ಟಾರ್ಟರಿಗೆ ತಡ ಮಾಡಿಸುವ ಟೈಮರು ಸಿಗುತ್ತದೆ, ಕೆಲವದರಲ್ಲಿ ಒಳಗೇ ಇರುತ್ತದೆ, ಯಾರೂ ಮುಟ್ಟಿರುವುದಿಲ್ಲ. ಒಂದು ಟಿಸಿಯ ಪಂಪಿನವರೆಲ್ಲ ಕೂತು, ಮೊದಲನೆಯದು ಕರೆಂಟು ಬಂದ ಒಂದು ನಿಮಿಷಕ್ಕೆ, ಎರಡನೆಯದು ಎರಡು ನಿಮಿಷಕ್ಕೆ, ಹೀಗೆ ಇಟ್ಟುಕೊಂಡರೆ ಮೋಟಾರುಗಳು ಸಾಲಾಗಿ ಏಳುತ್ತವೆ. ಬೀಡಿ ಸೇದಿ ಬರುತ್ತಿದ್ದವನ ಕೆಲಸವನ್ನು ಟೈಮರು ಮಾಡುತ್ತದೆ. ಯಾರ ನೀರೂ ಹತ್ತು ನಿಮಿಷಕ್ಕಿಂತ ಹೆಚ್ಚು ತಪ್ಪುವುದಿಲ್ಲ.

ಎರಡು, ಕೆಪಾಸಿಟರು. 5 ಎಚ್‌ಪಿಗೆ ಸುಮಾರು 2 ಕೆವಿಎಆರ್, 10 ಎಚ್‌ಪಿಗೆ ಸುಮಾರು 4. ಗೋಡೆಯಲ್ಲಿ ಇದೆ ಎಂದರೆ ಸಾಲದು, ತಂತಿ ಜೋಡಿಸಿದೆಯೇ, ಕೆಟ್ಟಿಲ್ಲವೇ ಎಂದು ನೋಡಿಸಿ. ಬಹಳ ಶೆಡ್ಡುಗಳಲ್ಲಿ ಅದು ಅಲಂಕಾರಕ್ಕಿದೆ. ಕೆಲಸ ಮಾಡುವ ಕೆಪಾಸಿಟರು ಲೈನಿನ ಮೇಲಿನ ಹೊರೆ ಇಳಿಸುತ್ತದೆ, ವೋಲ್ಟೇಜು ಸ್ವಲ್ಪ ಚೇತರಿಸುತ್ತದೆ. ಒಬ್ಬರು ಹಾಕಿದರೆ ಕಾಣುವುದಿಲ್ಲ, ಟಿಸಿಯ ಎಲ್ಲರೂ ಹಾಕಿದರೆ ಕಾಣುತ್ತದೆ.

ಮೂರನೆಯದು ಕಷ್ಟದ್ದು, ಏಕೆಂದರೆ ಅದು ಅಂಗಡಿಯಲ್ಲಿ ಸಿಗುವುದಿಲ್ಲ: ಪಾಳಿ. ಕೆರೆ ನೀರಿದ್ದಾಗ ತೂಬು ಎತ್ತಿ ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದ. ಇಡೀ ಅಚ್ಚುಕಟ್ಟಿಗೆ ಒಬ್ಬ ಎಚ್ಚರವಿದ್ದರೆ ಉಳಿದವರು ಮಲಗಬಹುದಿತ್ತು. ಸುಗ್ಗಿಯಲ್ಲಿ ಅವನಿಗೆ ಎಲ್ಲರ ಕಣದಿಂದ ಕಾಳು. ಈಗ ಬೋರು ಅವರವರದು, ಮೋಟಾರು ಅವರವರದು, ಆದರೆ ಟಿಸಿ ಮಾತ್ರ ಎಲ್ಲರದು. ಟಿಸಿಯೇ ನಮ್ಮ ಈಗಿನ ತೂಬು. ಅದಕ್ಕೊಬ್ಬ ನೀರುಗಂಟಿ ಬೇಡವೇ? ರಾತ್ರಿ ಪಾಳಿಯಲ್ಲಿ ಇವತ್ತು ಅರ್ಧ ಪಂಪು, ನಾಳೆ ಇನ್ನರ್ಧ ಎಂದಾದರೆ, ಓಡುವ ಪಂಪಿಗೆ ಪೂರ್ತಿ ವೋಲ್ಟೇಜು ಸಿಕ್ಕಿ ಅದೇ ಹೊತ್ತಿನಲ್ಲಿ ಹೆಚ್ಚು ನೀರು ಎತ್ತುತ್ತದೆ, ಉಳಿದ ಅರ್ಧದ ಮನೆಯವರಿಗೆ ಪೂರ್ತಿ ನಿದ್ದೆ.

ಒಪ್ಪಿಸುವುದು ಹೇಗೆ ಎಂಬುದೇ ಪ್ರಶ್ನೆ. ಟೈಮರಿಗೆ ಜನ ಬೇಗ ಒಪ್ಪುತ್ತಾರೆ, ಅದು ಯಂತ್ರ, ಮೋಸ ಮಾಡುವುದಿಲ್ಲ. ಪಾಳಿ ಎಂದ ಕೂಡಲೇ ಹಳೆ ಬದುವಿನ ಜಗಳ, ಓಟಿನ ಜಗಳ ಎಲ್ಲ ಎದ್ದು ಕೂರುತ್ತವೆ. “ಅವ್ನು ಮೊದ್ಲು ನಿಲ್ಸಲಿ, ಆಮೇಕೆ ನಾನು” ಎನ್ನುವಲ್ಲಿಗೆ ಮಾತು ನಿಲ್ಲುತ್ತದೆ. ತೋಟ ಮಾರಿ ಹೋಗುವವರ ಬೋರು ಟ್ಯಾಂಕರಿನವರ ಕೈಗೆ ಸಿಕ್ಕರಂತೂ ಅವರಿಗೆ ಯಾವ ಪಾಳಿಯೂ ಇಲ್ಲ.

ನಿಮ್ಮ ಊರಿನಲ್ಲಿ ಒಂದು ಟಿಸಿಯವರು ಸೇರಿ ಪಾಳಿ ಕಟ್ಟಿಕೊಂಡು ಒಂದು ಬೇಸಿಗೆಯನ್ನಾದರೂ ದಾಟಿದ್ದರೆ, ಎಷ್ಟು ಪಂಪು, ಎಷ್ಟು ಹೊತ್ತು, ತಪ್ಪಿದವರಿಗೆ ಏನು ಮಾಡಿದಿರಿ, ಎಲ್ಲಿ ಮುರಿಯಿತು ಎಂಬುದನ್ನು ಪತ್ರಿಕೆಗೆ ಬರೆಯಿರಿ. ಮುರಿದು ಬಿದ್ದ ಪಾಳಿಯಾದರೂ ಪರವಾಗಿಲ್ಲ, ಬರೆಯಿರಿ. ಮುಂದಿನ ಬೇಸಿಗೆಗೆ ಮೊದಲು ನಮಗೆ ಬೇಕಾಗಿರುವುದು ಅದೇ.